ಹತ್ತು ಉಡುಪು, ಒಂದು ಬೇಸಿಗೆ

ಹನ್ನೆರಡು ಗಂಟೆ ಎರಡು ನಿಮಿಷಕ್ಕೆ ಬೆರಿಟ್‌ಳ ಇಡೀ ಬೇಸಿಗೆ ಬೀಗದ ಆಚೆ ಸಿಕ್ಕಿಬಿತ್ತು. ನೆಲಮಾಳಿಗೆಯಲ್ಲಿ, ಬಟ್ಟೆ ಒಣಗಿಸುವ ಕೋಣೆಯ ಬಾಗಿಲಿಗೆ ಅವಳು ಬೀಗ ತೆರೆಯುವ ತನ್ನ ಪ್ಲಾಸ್ಟಿಕ್ ಬಿಲ್ಲೆಯನ್ನು ಒತ್ತಿದಳು, ಕೆಂಪು ದೀಪ. ಒರೆಸಿ ಒತ್ತಿದಳು, ಮತ್ತೆ ಕೆಂಪು. ಬಾಗಿಲ ಗಾಜಿನಲ್ಲಿ ಅವಳ ಹತ್ತೂ ಉಡುಪುಗಳು ಸಾಲಾಗಿ ತೂಗುತ್ತಿರುವುದು ಕಾಣುತ್ತಿತ್ತು. ಮೈಮೇಲೆ ಉಳಿದಿದ್ದದ್ದು ಸ್ನಾನದ ನಿಲುವಂಗಿ ಒಂದೇ. ಅದು ಹತ್ತರ ಲೆಕ್ಕಕ್ಕೆ ಬರುವುದಿಲ್ಲ, ಟವೆಲ್ಲಿನ ಜಾತಿಗೆ ಸೇರಿದ್ದು ಎಂದು ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟವಳೂ ಅವಳೇ.

ಎರಡು ಗಂಟೆಗೆ ಕಾಲ್ಮಾರ್ ಪಟ್ಟಣದ ಗ್ರಂಥಾಲಯದಲ್ಲಿ ಅವಳ ಭಾಷಣವಿತ್ತು. ಬೀರು ಖಾಲಿ ಮಾಡಿ, ಹತ್ತೇ ಉಡುಪು ಉಳಿಸಿಕೊಂಡು, ಅವುಗಳಲ್ಲೇ ಬೇಸಿಗೆಗೆ ಮೂವತ್ತೊಂದು ವೇಷ ಹೊಂದಿಸಬಹುದೆಂದು ಅವಳು ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಮೂರು ತಿಂಗಳಿಂದ ಹೇಳುತ್ತಿದ್ದಳು. ಬಿಳಿ ಲಿನನ್ ಅಂಗಿ ಗುಂಡಿ ಹಾಕಿದರೆ ಬ್ಯಾಂಕಿಗೆ, ಬಿಚ್ಚಿದರೆ ಸಮುದ್ರ ತೀರಕ್ಕೆ, ಸೊಂಟದ ಬಳಿ ಗಂಟು ಕಟ್ಟಿದರೆ ಮಿಡ್‌ಸಮರ್ ಹಬ್ಬದ ಊಟಕ್ಕೆ. ನೀಲಿ ಪ್ಯಾಂಟು ಮಡಚಿದರೆ ದೋಣಿಗೆ, ಇಳಿಬಿಟ್ಟರೆ ಚರ್ಚಿಗೆ. ಕೇಳಿದವರು ಗ್ರಂಥಾಲಯದವರಿಗೂ ಹೇಳಿದ್ದರು. ತಾವು ಇನ್ನು ಕೇಳಲಾರದೆಯೇ ಹೇಳಿರಬಹುದು. ಹತ್ತನ್ನೂ ಸಭೆಯಲ್ಲಿ ತೂಗುಹಾಕಿ ತೋರಿಸಬೇಕೆಂದು ಬೆರಿಟ್ ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಒಗೆದಿದ್ದಳು. ಮನೆಗೆ ಹೋಗಿ ಕನ್ನಡಿಯ ಮುಂದೆ ಭಾಷಣದ ಕೊನೆಯ ವಾಕ್ಯವನ್ನು ಏಳು ಸಲ ಒಪ್ಪಿಸುವಷ್ಟರಲ್ಲಿ, ಕಟ್ಟಡದವರೆಲ್ಲ ಹಂಚಿಕೊಳ್ಳುವ ಆ ಕೋಣೆಯಲ್ಲಿ ಹನ್ನೆರಡರವರೆಗಿದ್ದ ಅವಳ ಸರದಿ ಮುಗಿದುಹೋಗಿತ್ತು.

ಸರದಿ ಮುಗಿದ ಗಳಿಗೆಯಿಂದ ಬಾಗಿಲು ತೆರೆಯಕೂಡದು ಎಂದು ನಿವಾಸಿಗಳ ಸಭೆಯಲ್ಲಿ ಪಟ್ಟು ಹಿಡಿದು ಗೆದ್ದವಳು ಇವಳೇ. ಬಾಗಿಲ ಮೇಲಿನ ಚೀಟಿಯೂ ಇವಳದೇ ಬರಹ: ‘ಒಳಗೆ ಮರೆತ ಬಟ್ಟೆಗೆ ಮರೆತವರೇ ಹೊಣೆ. ಶುಭದಿನ.’ ಐದರವರೆಗಿನ ಸರದಿ ನೀಸ್ಟ್ರೋಮ್ ಸಂಸಾರದ್ದು. ಅವರು ಅದನ್ನು ಕಾದಿರಿಸಿ, ಮರೆತು, ಮಕ್ಕಳು ನಾಯಿ ಸಮೇತ ದ್ವೀಪದ ಬೇಸಿಗೆ ಮನೆಗೆ ಹೋಗಿದ್ದರು. ಕಟ್ಟಡದ ಉಸ್ತುವಾರಿಯ ಫೋನು, ಎಲ್ಲರೂ ರಜೆ ಹೋಗುವ ಜುಲೈ ತಿಂಗಳಾದ್ದರಿಂದ, ಆಗಸ್ಟಿನಲ್ಲಿ ಕರೆ ಮಾಡಲು ಹೇಳಿತು. ಮನೆಯಲ್ಲಿದ್ದದ್ದು ಚಳಿಗಾಲದ ಉಣ್ಣೆ. ಹೊರಗೆ ಇಪ್ಪತ್ತೊಂಬತ್ತು ಡಿಗ್ರಿ ಬಿಸಿಲು.

ಆಗ ಖಾಲಿ ಬಾಟಲಿಗಳ ಚೀಲ ಹಿಡಿದು ಮೂರನೆಯ ಮಹಡಿಯ ಮೋನಾ ಇಳಿದು ಬಂದಳು. ಮೋನಾಳ ಬಟ್ಟೆಯ ಬೀರುಗಳನ್ನು ಖಾಲಿ ಮಾಡಿಸಲು ಬೆರಿಟ್ ಮೂರು ಸಲ ಪ್ರಯತ್ನಿಸಿ ಸೋತಿದ್ದಳು.

“ಇದು ಎಷ್ಟನೇ ವೇಷ?” ಮೋನಾ ಕೇಳಿದಳು.

“ಎಲ್ಲಾ ಒಳಗೆ ಸಿಕ್ಕೊಂಡಿದೆ. ಹತ್ತೂ.”

ಮೋನಾ ಬಾಗಿಲ ಚೀಟಿಯನ್ನು ನಿಧಾನವಾಗಿ, ‘ಶುಭದಿನ’ದವರೆಗೂ ಓದಿದಳು. ನಗಲಿಲ್ಲ, ಬೆರಿಟ್‌ಗೆ ಅದೇ ಹೆಚ್ಚು ಚುಚ್ಚಿತು. “ಬಾ ಮಾರಾಯ್ತಿ,” ಎಂದಳು. “ಬಟ್ಟೆ ಅಂಗಡಿ ಇಟ್ಟಿದೀಯಾ ಅಂತ ನೀನೇ ಕೇಳಿದ್ದೆಯಲ್ಲ. ಇವತ್ತು ವ್ಯಾಪಾರ ಆಗ್ಲಿ.”

ಮೋನಾಳ ಎರಡನೆಯ ಬೀರು ತೆರೆದಾಗ ಬೆರಿಟ್‌ಳ ಕೈ ತಾನಾಗಿಯೇ ಒಂದು ಗೌನಿನ ಮೇಲೆ ಹೋಯಿತು. ಕೆಂಪು ಗಸಗಸೆ ಹೂಗಳ ಗೌನು. ಮೂರನೆಯ ಗುಂಡಿ ಮಾತ್ರ ಕಂದು ಬಣ್ಣದ್ದು. ಬಿಳಿಯದು ಸಿಗದೆ, ಹನ್ನೊಂದು ವರ್ಷದ ಹಿಂದೆ ಬೆರಿಟ್ ತಾನೇ ಹೊಲಿದದ್ದು. ಅದರ ಪಕ್ಕದಲ್ಲಿ ಹಸಿರು ಜಾಕೀಟು. ಅದರ ಪಕ್ಕ ಹಳದಿ ಲಂಗ.

“ಇದು ನಂದು.”

“ಆಗಿತ್ತು,” ಮೋನಾ ತಿದ್ದಿದಳು. ಬೆರಿಟ್ ತನ್ನ ಬಟ್ಟೆಗಳನ್ನು ಕೊಟ್ಟುಬಂದಿದ್ದ ಚರ್ಚಿನವರ ಹಳೇ ಬಟ್ಟೆ ಅಂಗಡಿಗೆ ಮೋನಾ ಏಪ್ರಿಲ್‌ನಲ್ಲಿ ಹೋಗಿದ್ದಳಂತೆ. ಹದಿನಾಲ್ಕು ಉಡುಪು, ಎಲ್ಲ ಒಂದೇ ಅಳತೆಯವು, ಒಗೆದು ಇಸ್ತ್ರಿ ಮಾಡಿ ಒಂದೇ ಸಾಲಿನಲ್ಲಿ ನೇತುಹಾಕಿದ್ದರಂತೆ. “ಅಯ್ಯೋ ಪಾಪ, ನನ್ನ ಅಳತೆಯವಳು ಯಾರೋ ತೀರ್ಕೊಂಡಿರ್ಬೇಕು ಅಂದ್ಕೊಂಡೆ. ಆಮೇಲೆ ಈ ಗುಂಡಿ ನೋಡಿದೆ. ಬಿಟ್ಟು ಬರೋಕೆ ಮನಸ್ಸಾಗಲಿಲ್ಲ.”

“ನೀನು ಹಾಕಿದ್ದು ನಾನು ನೋಡೇ ಇಲ್ಲ.”

“ಅಕ್ಕನ ಊರಿಗೆ ಹೋದಾಗ ಹಾಕ್ತೀನಿ. ಇಲ್ಲಿ ಹಾಕಿದ್ರೆ ನಿಂಗೆ ಬೇಜಾರಾಗ್ಬಹುದು ಅಂತ.”

ಗ್ರಂಥಾಲಯದಲ್ಲಿ ಇಪ್ಪತ್ಮೂರು ಜನ, ಒಂದು ಖಾಲಿ ಬಟ್ಟೆಸ್ಟ್ಯಾಂಡು. ಬೆರಿಟ್ ಗಸಗಸೆ ಹೂಗಳಲ್ಲಿ ನಿಂತು, ಕಾಣದ ಅಂಗಿಗೆ ಗಾಳಿಯಲ್ಲೇ ಗುಂಡಿ ಹಾಕಿ, ಬಿಚ್ಚಿ, ಗಂಟು ಕಟ್ಟಿ ತೋರಿಸಿದಳು. ಜನ ಸೌಜನ್ಯದಿಂದ ಕೇಳಿದರು. ಕೊನೆಗೆ ಮುಂದಿನ ಸಾಲಿನ ಮುದುಕಿಯೊಬ್ಬಳು ಕೈ ಎತ್ತಿ, ನೀವು ಹಾಕಿಕೊಂಡಿರುವುದು ಬಹಳ ಚೆನ್ನಾಗಿದೆ, ಹತ್ತರಲ್ಲಿ ಅದು ಎಷ್ಟನೆಯದು ಎಂದು ಕೇಳಿದಳು.

ಮೂರನೆಯದು ಎಂದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದ ಒಬ್ಬಳೇ ಒಬ್ಬಳು ಹಿಂದಿನ ಸಾಲಿನಲ್ಲಿ ಕುಳಿತು, ಭಾರಿ ಆಸಕ್ತಿಯಿಂದ ಚಾವಣಿ ನೋಡುತ್ತಿದ್ದಳು. ಬೆರಿಟ್ ಕಂದು ಗುಂಡಿಯ ಮೇಲೆ ಬೆರಳಿಟ್ಟಳು.

“ಇದು ಹನ್ನೊಂದನೆಯದು,” ಎಂದಳು.

ಏಳು ಸಲ ಒಪ್ಪಿಸಿದ್ದ ಕೊನೆಯ ವಾಕ್ಯವನ್ನು ಆಮೇಲೆ ಹೇಳಲಾಗಲಿಲ್ಲ. ಸಭೆಯಲ್ಲಿ ಎದ್ದ ನಗು ನಿಲ್ಲಲೇ ಇಲ್ಲ.

ಐದು ಗಂಟೆಗೆ, ಹೊಸದಾಗಿ ಕಾದಿರಿಸಿಕೊಂಡ ಸರದಿಯಲ್ಲಿ, ಬಿಲ್ಲೆ ಒತ್ತಿದಾಗ ಹಸಿರು ದೀಪ ಹತ್ತಿತು. ಒಳಗೆ ಹತ್ತೂ ಒಣಗಿದ್ದವು: ಬಿಳಿ, ನೀಲಿ, ಮರಳು ಬಣ್ಣ, ಮತ್ತೆ ಬಿಳಿ, ಒಂದೇ ಅಳತೆ, ಒಂದೇ ಸಾಲು, ಒಂದೂ ಸುಕ್ಕಿಲ್ಲ. ಬೆರಿಟ್ ಕೆಂಪು ಗೌನಿನಲ್ಲಿ ಹೊಸ್ತಿಲ ಮೇಲೆಯೇ ನಿಂತಳು. ಅಯ್ಯೋ ಪಾಪ, ಯಾರೋ ತೀರಿಕೊಂಡಿರಬೇಕು ಎನ್ನಿಸಿತು.