ಯುದ್ಧ ಅಂತ ಬರೀಲೇನ್ರಿ?

“ಇದು ಯುದ್ಧರಿ! ದೇಶದ ಮ್ಯಾಲಿನ ಯುದ್ಧ. ಹಂಗಂತನ ಬರಕೋರಿ,” ಎಂದು ಪ್ರಿನ್ಸಿಪಾಲ್ ಶಶಿಕಾಂತ ಠಾಣೆಯ ಮೇಜು ಗುದ್ದಿದರು.

ಆ ಬೆಳಿಗ್ಗೆ ಅವರ ಕಾಲೇಜಿನ ವೆಬ್‌ಸೈಟ್ ತೆರೆದರೆ ಪ್ರವೇಶದ ಮಾಹಿತಿ ಮಾಯವಾಗಿ, ಗಡಿಯಾಚೆಯ ದೇಶದ ಬಾವುಟವೊಂದು ಹಾರಾಡುತ್ತಿತ್ತು. ಕೆಳಗೆ ‘ಯುದ್ಧ ಆರಂಭ’ ಎಂಬ ಇಂಗ್ಲಿಷ್ ಸಾಲು. ಗಡಿಯಲ್ಲಿ ಸೈನ್ಯ ಜಮಾಯಿಸಿದ್ದ ವರ್ಷ ಅದು; ಧಾರವಾಡದ ಚಹಾದಂಗಡಿಗಳಲ್ಲೂ ಅದೇ ಮಾತು. ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಕಂಪ್ಯೂಟರ್ ಶಿಕ್ಷಕಿ ಸಿತಾರಾ ಮಧ್ಯಾಹ್ನದೊಳಗೆ ಎಲ್ಲವನ್ನೂ ಮೊದಲಿನಂತೆ ಮಾಡಿದ್ದಳು. ಏನೂ ಕಳೆದಿರಲಿಲ್ಲ. ಆದರೂ ಪ್ರಿನ್ಸಿಪಾಲರ ಸಿಟ್ಟು ಇಳಿಯಲಿಲ್ಲ. ವಿವರ ಹೇಳಲೆಂದು ಆಕೆಯನ್ನೂ ಠಾಣೆಗೆ ಕರೆತಂದಿದ್ದರು.

ಸಬ್ ಇನ್‌ಸ್ಪೆಕ್ಟರ್ ಮಹಾಂತಯ್ಯ ಪೆನ್ನು ಕೆಳಗಿಟ್ಟರು. “ಕಂಪ್ಯೂಟರದಾಗ ಯುದ್ಧ ಅಂದ್ರ ಯಾವುದು, ಕಿಡಿಗೇಡಿತನ ಅಂದ್ರ ಯಾವುದು, ನನಗೂ ತಿಳೀವಲ್ದು ಸರ. ಮ್ಯಾಲಿನ ಸಾಹೇಬರಿಗೆ ಫೋನ್ ಮಾಡಿದ್ನಿ. ‘ನೀವ ನೋಡಿ ಬರೀರಿ’ ಅಂದ್ರು. ಪಾಸ್‌ವರ್ಡ್ ಯಾರ ಕಡೆ ಇತ್ತು?”

“ನನ್ನೊಬ್ಬಾಕಿ ಕಡೇನ ಇತ್ರಿ,” ಸಿತಾರಾ ಹೇಳಿದಳು.

“ಪೂರಾ ಹೆಸರು?”

“ಸಿತಾರಾ ಗೌಸಸಾಬ ನದಾಫ.”

ಮಹಾಂತಯ್ಯ ತಲೆ ಎತ್ತಿ ಆಕೆಯನ್ನಲ್ಲ, ಪ್ರಿನ್ಸಿಪಾಲರನ್ನು ನೋಡಿದರು. “ಯುದ್ಧ ಅಂತ ಬರೀಲೇನ್ರಿ? ಬರದ್ರ ನನಗೊಬ್ಬ ವೈರಿ ಬೇಕಾಗ್ತಾನ. ಆ ಬಾವುಟ ಹಚ್ಚಿದವರು ನನ್ನ ಕೈಗೆ ಸಿಗೂದಿಲ್ಲ. ಸಿಗೂದು ಈಕಿ ಒಬ್ಬಾಕಿನ.”

ಶಶಿಕಾಂತರ ಕೈ ಮೇಜಿನಿಂದ ಮೆಲ್ಲಗೆ ಕೆಳಗಿಳಿಯಿತು.

“ಆಕಿ ನಮ್ಮ ಹುಡುಗಿರಿ,” ಎಂದರು. ಈಗ ಅವರ ದನಿ ಬೇರೆಯೇ ಆಗಿತ್ತು. “ಮುಂಜಾನಿಂದ ಊಟಾನೂ ಮಾಡಿಲ್ಲ, ಕುಂತು ಎಲ್ಲಾ ಸರಿ ಮಾಡ್ಯಾಳ. ಯುದ್ಧ ಬ್ಯಾಡ್ರಿ. ಯಾರೋ ಕಿಡಿಗೇಡಿಗಳು ಕೆಡಿಸ್ಯಾರ ಅಂತ ಬರೀರಿ.”

“ಕಿಡಿಗೇಡಿಗಳು. ಗುರುತು ಸಿಕ್ಕಿಲ್ಲ,” ಎಂದು ಬಾಯಿಬಿಟ್ಟು ಹೇಳುತ್ತಲೇ ಮಹಾಂತಯ್ಯ ಬರೆದು ಮುಗಿಸಿದರು.

ಮೆಟ್ಟಿಲು ಇಳಿಯುವಾಗ ಶಶಿಕಾಂತ ಆಕೆಯ ಮುಖ ನೋಡಲಿಲ್ಲ. “ನಾ ಆ ವಿಚಾರನ ಮಾಡಿರಲಿಲ್ಲ ನೋಡವ್ವಾ.”

“ಗೊತ್ತೈತ್ರಿ ಸರ.”

ಸಪ್ತಾಪುರದ ಎಸ್‌ಟಿಡಿ ಬೂತಿನಿಂದ ಆಕೆ ಮನೆಗೆ ಫೋನ್ ಮಾಡಿದಳು. ತಾಯಿ ಶರೀಫಾಬಿ ರೇಗಿದರು. “ಎಲ್ಲಿದ್ದಿ ಇಷ್ಟೊತ್ತನಕಾ?”

“ಕಾಲೇಜಿನ ಕೆಲಸ ಇತ್ತಮ್ಮಾ. ಮುಗೀತು. ಮನಿಗೆ ಬರಾಕತ್ತೇನಿ.”

“ಬರೂವಾಗ ಹಾಲು ತಗೊಂಡ್ ಬಾ.”

ಹಾಲು ತಾ ಎಂದದ್ದಕ್ಕೆ ಮಗಳು ಯಾಕೆ ಅಷ್ಟು ಹೊತ್ತು ನಗುತ್ತಿದ್ದಾಳೆಂದು ಶರೀಫಾಬಿಗೆ ತಿಳಿಯಲೇ ಇಲ್ಲ.