ಬಾಗಿಲ ರಂಗೋಲಿ

ಒಂಟಿಯಾಗಿದ್ದ ಇಂದ್ರಮ್ಮನವರು ಸಕ್ಕರೆ ಕಾಯಿಲೆಯಿಂದ ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದರು. ಅದಕ್ಕೇ ಆಶಾ ಕಾರ್ಯಕರ್ತೆ ವನಜಾಕ್ಷಿ, ನೀರು ಬಿಡುವ ಸಿದ್ದಪ್ಪ, ಅಂಚೆಯವನು ಸೇರಿ ಮಾತಾಡಿಕೊಂಡಿದ್ದರು: ಬೆಳಿಗ್ಗೆ ಅವರ ಬಾಗಿಲಲ್ಲಿ ರಂಗೋಲಿ ಕಾಣದಿದ್ದರೆ, ಆ ಕಡೆ ಹೋದವರು ತಕ್ಷಣ ಬಾಗಿಲು ತಟ್ಟಬೇಕು.

ಇವತ್ತು ಮಾತ್ರೆ ಕೊಡಲು ಬಂದ ವನಜಾಕ್ಷಿ ಎಷ್ಟು ಕೂಗಿದರೂ ಬಾಗಿಲು ತೆರೆಯಲಿಲ್ಲ. ಸಿದ್ದಪ್ಪನನ್ನು ಕರೆದು, ಚಿಲಕ ಮುರಿದು ಒಳಗೆ ಹೋದರೆ, ಜೀವ ಹೋಗಿ ಎರಡು ದಿನವಾಗಿತ್ತು.

“ನಾನೇ ಸರಿಯಾಗಿ ನೋಡ್ಲಿಲ್ವೇನೋ ಸಿದ್ದಪ್ಪ...”

“ಎಲ್ರೂ ನೋಡಿದ್ವಲ್ಲಕ್ಕ. ದಿನಾ ಇತ್ತು. ಇವತ್ತೂ ಇದೆ ನೋಡಿ.”

ನೀರು ಚಿಮುಕಿಸಿದ ನೆಲದಲ್ಲಿ ರಂಗೋಲಿ ಬೆಳ್ಳಗೆ ಹೊಳೆಯುತ್ತಿತ್ತು.

ಬೀದಿ ಗುಡಿಸುವ ಮಾರಕ್ಕ ಪೊರಕೆ ಕೆಳಗಿಟ್ಟು ಅಳತೊಡಗಿದಳು.

“ಮೊನ್ನೆಯಿಂದ ನಾನೇ ಹಾಕ್ತಿದ್ದೆ ಕಣಕ್ಕ. ಪಾಪ, ಸುಸ್ತಾಗಿ ಮಲಗವ್ರೇನೋ, ಎಬ್ಬಿಸೋದು ಬ್ಯಾಡ ಅಂತ.”