ಗೌಪ್ಯವಾಗಿರಲಿ

“ಎಡಗಡೆ ದವಡಿ ಹಲ್ಲು ಈಗ ಹ್ಯಾಂಗೈತಿ ತಂಗಿ?” ಚಹಾದ ಕಪ್ಪು ಎತ್ತಿಕೊಳ್ಳುತ್ತಲೇ ಅಂದಾನೆಪ್ಪ ಕೇಳಿದರು.

ಗಂಗಾಳ ಕೈಯಲ್ಲಿದ್ದ ತಟ್ಟೆ ವಾಲಿತು. ಕನ್ಯಾ ನೋಡಲು ಬಂದವರು ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳುವುದು ರೂಢಿ. ಯರಗಟ್ಟಿಯಿಂದ ಬೈಲಹೊಂಗಲದವರೆಗೆ ಬಂದು ನೇರ ಹಲ್ಲಿನ ಬೇರಿಗೇ ಕೈ ಹಾಕಿದವರು ಇವರೇ ಮೊದಲು.

“ನಿಮಗ ಯಾರ್ ಹೇಳಿದ್ರಿ ಕಾಕಾರ?”

“ನಿಮ್ಮ ಕಂಪನೀನ ಹೇಳೇತಿ!” ಅಂದಾನೆಪ್ಪ ಮೊಬೈಲು ತೋರಿಸಿದರು. “ಇದರಾಗ ಒಂದ್ ಗ್ರೂಪ್ ಐತಿ. ನಿಮ್ಮಲ್ಲಿ ವಿಮಾ ಮಾಡಿಸಿದವ್ರದು, ಕೆಲಸ ಮಾಡೋವ್ರದು, ಎಲ್ಲಾರ ಜಡ್ಡು-ಜಾಪತ್ರಿನೂ ಇಲ್ಲಿ ಪುಕ್ಕಟೆ ಸಿಗತೈತಿ. ಮೊದಲ ಬೀಗತನದ ಚೌಕಶಿ ಅಂದ್ರ ಊರೂರು ತಿರಗಬೇಕಾಗಿತ್ತು. ಈಗ ನಮ್ಮ ಕಟ್ಟಿ ಮ್ಯಾಲೆ ಕುಂತ ಮುಗಿಸೇನಿ ನೋಡು.”

ಗಂಗಾ ಬೆಳಗಾವಿಯ ಒಂದು ಆರೋಗ್ಯ ವಿಮಾ ಕಂಪನಿಯ ಸೈಬರ್ ಭದ್ರತಾ ವಿಭಾಗದ ಮುಖ್ಯಸ್ಥೆ. ಮುಖ್ಯಸ್ಥೆಯೂ ಅವಳೇ, ವಿಭಾಗವೂ ಅವಳೇ. ಉಳಿದ ಮೂರು ಹುದ್ದೆಗಳಿಗೆ ಕಂಪನಿ ಜಾಹೀರಾತು ಕೊಟ್ಟಿತ್ತು: ‘ಹೊಸಬರಿಗೆ ಆದ್ಯತೆ, ಹತ್ತು ವರ್ಷದ ಅನುಭವ ಕಡ್ಡಾಯ.’ ಇಂಥ ಅವತಾರಪುರುಷ ಇನ್ನೂ ಹುಟ್ಟದ ಕಾರಣ ಕುರ್ಚಿಗಳು ಖಾಲಿ ಉಳಿದಿದ್ದವು. ಇಡೀ ಕಂಪನಿಯಲ್ಲಿ ಭದ್ರವಾಗಿದ್ದವು ಅವು ಮಾತ್ರ. ಹೋದ ತಿಂಗಳು ಮಾಹಿತಿ ಸೋರುತ್ತಿರುವುದನ್ನು ಕಂಡುಹಿಡಿದು ಅವಳು ಓಡಿಹೋಗಿ ಹೇಳಿದಾಗ ಸಾಹೇಬರು ಬಾಗಿಲು ಹಾಕಿಕೊಂಡು, “ಸೋರಿಕೆ ಅನ್ನಬ್ಯಾಡ್ರಿ, ಮಂದಿ ಹೆದರತಾರ. ಹೊರಗ ಬಾಯಿ ಬಿಟ್ರ ನಿಮ್ಮ ನೌಕರಿ ಇರಂಗಿಲ್ಲ” ಎಂದಿದ್ದರು. ಸೋರುವ ತೂತಿಗಿಂತ ಸೋರಿತೆಂದು ಹೇಳುವ ಬಾಯಿ ಮುಚ್ಚುವುದು ಅಗ್ಗ.

“ಇಲ್ರಿ ಕಾಕಾರ, ನಮ್ಮ ಕಂಪನಿಯಿಂದ ಒಂದ್ ಅಕ್ಷರನೂ ಹೊರಗ ಹೋಗಿಲ್ಲ,” ಎಂದು ಗಂಗಾ, ಸಾಹೇಬರು ಕಲಿಸಿದ ಪಾಠ ಒಪ್ಪಿಸಿದಳು.

“ಒಂದ್ ಅಕ್ಷರ ಹೋಗಿಲ್ಲ ಖರೆ. ಎಲ್ಲಾ ಅಕ್ಷರನೂ ಹೋಗ್ಯಾವು!”

ಗಂಗಾಳ ಅಪ್ಪ ನಿಜಗುಣಪ್ಪ ಮೆಲ್ಲಗೆ ಕೆಮ್ಮಿದರು. “ಬೀಗರ, ಆ ಗ್ರೂಪಿನ್ಯಾಗ ನಾನೂ ಅದೀನ್ರಿ. ನಿಮ್ಮ ಮಗನ ತಲಿ ಮ್ಯಾಗಿನ ಕೂದಲದ ಪೀಕು ನಾಟಿ ಮಾಡಿದ್ದಂತ. ವಿಮಾದ ರೊಕ್ಕ ಕೇಳಿದ್ರಂತ, ಕಂಪನಿ ಕೊಡಲಿಲ್ಲಂತ.”

ಯರಗಟ್ಟಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ವರ ವಿರೂಪಾಕ್ಷನ ಕೈ ತಾನಾಗಿಯೇ ತಲೆಗೆ ಹೋಯಿತು. ಅಲ್ಲಿಯವರೆಗೆ ನೆಲ ನೋಡುತ್ತಿದ್ದವನು ಮೊದಲ ಬಾರಿ ಗಂಗಾಳ ಕಡೆ ನೋಡಿದ.

“ನಿಮಗೂ ಗೊತ್ತಿತ್ತೇನ್ರಿ?”

“ಗೊತ್ತಿತ್ರಿ.”

“ಮತ್ತ ಮನ್ಯಾಗ ಹೇಳಲಿಲ್ಲ?”

“ಹೇಳಬಾರದಂತನ ನನಗ ಪಗಾರ ಕೊಡತಾರ್ರಿ.”

ವಿರೂಪಾಕ್ಷನ ಮುಖ ಅರಳಿತು. ತನ್ನ ತಲೆಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ರಾಣಿ ಇಡೀ ಜಿಲ್ಲೆಯಲ್ಲಿ ಇದೊಂದೇ. “ಅಪ್ಪಾ, ನನಗ ಪಸಂದ ಐತಿ,” ಎಂದ.

“ನಮಗೂ ಪಸಂದನ,” ಅಂದಾನೆಪ್ಪ ಶಿರಾದ ತಟ್ಟೆ ಹತ್ತಿರ ಎಳೆದುಕೊಂಡರು. “ವರದಕ್ಷಿಣಿ ಬ್ಯಾಡ, ಬಂಗಾರ ಬ್ಯಾಡ. ನಮ್ಮದೊಂದ ಕರಾರು. ನಮ್ಮ ಮನಿತನಕ್ಕ ನೌಕರಿ ಇರೋ ಸೊಸಿ ಇವಳ ಮೊದಲನೇಕಿ. ನೌಕರಿ ಮಾತ್ರ ಬಿಡಂಗಿಲ್ಲ.”

“ನಾ ಯಾಕ ಬಿಡ್ಲಿರಿ?” ಗಂಗಾ ನಕ್ಕಳು. ಆ ಮನೆಯಲ್ಲಿ ಅಂದು ಎಲ್ಲರೂ ಒಟ್ಟಿಗೆ ನಕ್ಕದ್ದು ಆಗಲೇ.

ಅಷ್ಟರಲ್ಲಿ ಅಂದಾನೆಪ್ಪನವರ ಮೊಬೈಲು ಟಣ್ ಎಂದಿತು. ಅವರು ಚಷ್ಮಾ ಏರಿಸಿ ಓದಿದರು. ಬಾಯಿಗೆ ಹೊರಟಿದ್ದ ಶಿರಾ ಅರ್ಧ ದಾರಿಯಲ್ಲಿ ನಿಂತಿತು.

“ನಿಮ್ಮ ಸಾಹೇಬರ ಪತ್ರ ಬಂದೈತೆವಾ.”

“ನಿಮಗಾ?”

“ಪತ್ರ ನಿನಗ. ಬಂದಿದ್ದು ಗ್ರೂಪಿಗೆ.” ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಓದಿದರು: “‘ಮಾಹಿತಿ ಸೋರಿಕೆಯನ್ನು ಸಂಪೂರ್ಣವಾಗಿ ತಡೆಗಟ್ಟಲಾಗಿದೆ. ಆದ್ದರಿಂದ ಭದ್ರತಾ ವಿಭಾಗವನ್ನು ಇಂದಿನಿಂದ ಮುಚ್ಚಲಾಗಿದ್ದು, ತಮ್ಮ ಸೇವೆಯ ಅಗತ್ಯ ಇರುವುದಿಲ್ಲ. ಈ ವಿಷಯ ಗೌಪ್ಯವಾಗಿರಲಿ.’”

ಗಂಗಾ ತನ್ನ ಮೊಬೈಲು ತೆಗೆದು ನೋಡಿದಳು. ಏನೂ ಬಂದಿರಲಿಲ್ಲ. “ನನಗ ಬಂದಿಲ್ರಿ... ಸುಳ್ಳಿರಬೇಕು,” ಎಂದಳು.

“ಹಲ್ಲಿಂದು ಸುಳ್ಳಿತ್ತೇನು?” ಎಂದು ಅಂದಾನೆಪ್ಪ ಮೊಣಕಾಲ ಮೇಲಿದ್ದ ಟೋಪಿ ತೆಗೆದು ಹಾಕಿಕೊಂಡರು. “ಬರತೇವ್ರಿ ಬೀಗ... ನಿಜಗುಣಪ್ಪನವರ.”

ವಿರೂಪಾಕ್ಷ ಹೊಸ್ತಿಲಲ್ಲಿ ಒಮ್ಮೆ ತಿರುಗಿ ನೋಡಿದ, ತಲೆ ಮುಟ್ಟಿಕೊಂಡ, ಅಪ್ಪನ ಹಿಂದೆ ನಡೆದ.

ಅವರು ಚಪ್ಪಲಿ ಮೆಟ್ಟಿ ಓಣಿಯ ತಿರುವು ದಾಟಿದ ಮೇಲೆ ಗಂಗಾಳ ಮೊಬೈಲು ಟಣ್ ಎಂದಿತು: ‘ನಿಮಗೊಂದು ಗೌಪ್ಯ ಸಂದೇಶ ಬಂದಿದೆ. ತೆರೆಯಲು ಪಾಸ್‌ವರ್ಡ್ ಕೊಡಿ.’